ಮನೆಯ ಬರ್ಗರ್: ಕೀಮಾ ನಡುವಿನವರೆಗೂ ಬೇಯಲಿ

ಮಕ್ಕಳು ಬರ್ಗರ್ ಬೇಕೆಂದು ಹಠ ಹಿಡಿಯುತ್ತಾರೆ. ಹೊರಗಿನದ್ದು ಬೇಡ, ಮನೆಯಲ್ಲೇ ಮಾಡಿಕೊಡುತ್ತೇನೆ ಎಂದು ನೀವು ಸಮಾಧಾನ ಮಾಡುತ್ತೀರಿ. ಒಳ್ಳೆಯ ನಿರ್ಧಾರವೇ. ಮಾಂಸ ಹಲಾಲ್ ಹೌದೋ ಅಲ್ಲವೋ, ಎಣ್ಣೆ ಎಷ್ಟು ಸಲ ಕಾದದ್ದು ಎಂಬ ಅನುಮಾನ ಮನೆಯ ಅಡುಗೆಯಲ್ಲಿ ಇರುವುದಿಲ್ಲ. (ಹ್ಯಾಂಬರ್ಗರ್ ಎಂಬ ಹೆಸರಿನಲ್ಲಿ 'ಹ್ಯಾಮ್' ಇದೆಯಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ಅದಕ್ಕೂ ಹಂದಿ ಮಾಂಸಕ್ಕೂ ಸಂಬಂಧವಿಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದಿಂದ ಬಂದ ಹೆಸರದು.) ಆದರೆ ಮನೆಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಅದು ಸುರಕ್ಷಿತವಾಗುವುದಿಲ್ಲ. ಸಮಸ್ಯೆ ಇರುವುದು ಕೀಮಾದಲ್ಲಿ.

ಮಾಂಸದ ತುಂಡಿನಲ್ಲಿ ರೋಗಾಣುಗಳು ಸಾಮಾನ್ಯವಾಗಿ ಹೊರಮೈಯಲ್ಲಿ ಇರುತ್ತವೆ. ಕಾವಲಿಯ ಬಿಸಿ ಮೊದಲು ತಾಗುವುದೂ ಅಲ್ಲಿಗೇ. ಅದೇ ತುಂಡನ್ನು ಕೀಮಾ ಮಾಡಿದಾಗ ಹೊರಗಿದ್ದದ್ದೆಲ್ಲ ಒಳಗೆ ಸೇರಿಕೊಳ್ಳುತ್ತದೆ. ಪ್ಯಾಟಿಯ ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗಿ ಘಮಘಮಿಸುತ್ತಿದ್ದರೂ ನಡುವೆ ಅವು ಜೀವಂತವಾಗಿ ಉಳಿಯಬಹುದು.

1993ರಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ಜಾಕ್ ಇನ್ ದ ಬಾಕ್ಸ್ ಎಂಬ ಹೋಟೆಲ್ ಸರಣಿಯಲ್ಲಿ ಸರಿಯಾಗಿ ಬೇಯದ ಬರ್ಗರ್ ತಿಂದು 700ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ನಾಲ್ಕು ಮಕ್ಕಳು ತೀರಿಕೊಂಡರು. ಕಾರಣ ಇ. ಕೋಲೈ ಒ157 ಎಂಬ ಬ್ಯಾಕ್ಟೀರಿಯಾ. ದನ, ಆಡು, ಕುರಿಗಳ ಕರುಳಿನಲ್ಲಿ ಅದು ಅವುಗಳಿಗೆ ಏನೂ ತೊಂದರೆ ಕೊಡದೆ ಇರಬಲ್ಲದು. ಮನುಷ್ಯರಲ್ಲಿ ರಕ್ತಭೇದಿ ತರುತ್ತದೆ, ಕೆಲವು ಮಕ್ಕಳ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೂ ವೃದ್ಧರಿಗೂ ಅಪಾಯ ಹೆಚ್ಚು.

ಆದ್ದರಿಂದ ಬರ್ಗರಿನ ಕೆಲಸ ಮಾಂಸದಂಗಡಿಯಿಂದಲೇ ಶುರುವಾಗಬೇಕು. ಮೊದಲೇ ಅರೆದಿಟ್ಟ ಕೀಮಾ ಕೊಳ್ಳಬೇಡಿ. ತುಂಡು ಆರಿಸಿ, ನಿಮ್ಮೆದುರಿಗೇ ಕೀಮಾ ಮಾಡಿಸಿ. ಯಂತ್ರದಲ್ಲಿ ಅದಕ್ಕೆ ಮೊದಲು ಏನು ಅರೆದಿದ್ದರು, ತೊಳೆದರೋ ಇಲ್ಲವೋ ಎಂದು ಕೇಳಲು ಸಂಕೋಚ ಬೇಡ. ಅದಕ್ಕಿಂತಲೂ ಒಳ್ಳೆಯದು, ಮೂಳೆ ಇಲ್ಲದ ತುಂಡನ್ನು ಮನೆಗೆ ತಂದು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಸ್ವಲ್ಪ ಗಟ್ಟಿಯಾದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸುವುದು. ಬಿಡದೆ ತಿರುಗಿಸಿದರೆ ಅದು ಕೀಮಾ ಆಗುವುದಿಲ್ಲ, ಚಟ್ನಿಯಾಗುತ್ತದೆ.

ಇನ್ನು ತೊಳೆಯುವ ಮಾತು. ನಮ್ಮ ಮನೆಗಳಲ್ಲಿ ಕೀಮಾವನ್ನು ಜರಡಿಗೆ ಹಾಕಿ ನಲ್ಲಿಯಡಿ ಹಿಡಿಯುವವರಿದ್ದಾರೆ. ಒಳಗೆ ಸೇರಿದ ರೋಗಾಣು ನೀರಿಗೆ ಹೋಗುವುದಿಲ್ಲ. ರುಚಿ ಹೋಗುತ್ತದೆ, ಸಿಡಿದ ನೀರು ಸಿಂಕಿನ ಪಕ್ಕದ ಲೋಟ, ತಟ್ಟೆಗಳಿಗೆ ಬೀಳುತ್ತದೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಅರೆಯುವ ಮೊದಲೇ ತುಂಡನ್ನು ಪಾತ್ರೆಯ ನೀರಿನಲ್ಲಿ ನಿಧಾನವಾಗಿ ತೊಳೆದು ಚೆನ್ನಾಗಿ ಬಸಿಯಿರಿ. ಆಮೇಲೆ ಸಿಂಕ್, ಚೂರಿ, ಮಣೆ, ಕೈ ಎಲ್ಲವೂ ಸೋಪಿನಿಂದ ಶುಚಿಯಾಗಲಿ. ಸಲಾಡಿನ ಸೌತೆಕಾಯಿ ಹೆಚ್ಚಲು ಬೇರೆ ಮಣೆ ಇರಲಿ.

ರುಚಿಯ ಗುಟ್ಟು ಕೊಬ್ಬಿನಲ್ಲಿದೆ. ಬರೀ ಕೆಂಪು ಮಾಂಸದ ಪ್ಯಾಟಿ ಒಣಗಿ ರಬ್ಬರಿನಂತಾಗುತ್ತದೆ. 400 ಗ್ರಾಂ ಮಾಂಸಕ್ಕೆ 80ರಿಂದ 100 ಗ್ರಾಂ ಕೊಬ್ಬು ಸೇರಿಸಿ ಅರೆಸಿ. ಕೋಳಿಯಾದರೆ ಎದೆಯ ಬದಲು ತೊಡೆಯ ಮಾಂಸ ತೆಗೆದುಕೊಳ್ಳಿ. ಮೊಟ್ಟೆ, ಬ್ರೆಡ್ ಪುಡಿ, ಬೇಯಿಸಿದ ಬಟಾಟೆ ಸೇರಿಸಿದರೆ ಅದು ಕಟ್ಲೆಟ್. ಕಟ್ಲೆಟ್ ಬಗ್ಗೆ ನನ್ನದೇನೂ ತಕರಾರಿಲ್ಲ, ಆದರೆ ಬರ್ಗರಿಗೆ ಕರಿಮೆಣಸಿನ ಪುಡಿ, ಬೇಕಿದ್ದರೆ ಹಿಂಡಿದ ಸ್ವಲ್ಪ ನೀರುಳ್ಳಿ, ಅಷ್ಟೇ ಸಾಕು. ಚಪಾತಿ ಹಿಟ್ಟಿನಂತೆ ನಾದಬೇಡಿ. ಉಪ್ಪನ್ನು ಕೀಮಾಕ್ಕೆ ಬೆರೆಸಿಡಬೇಡಿ, ಬೆರೆಸಿಟ್ಟರೆ ಪ್ಯಾಟಿ ಬಿಗಿಯಾಗುತ್ತದೆ. ಕಾವಲಿಗೆ ಹಾಕುವ ಹೊತ್ತಿಗೆ ಎರಡೂ ಬದಿಗೆ ಉದುರಿಸಿ. ಉಪ್ಪು, ಖಾರ ಸರಿಯಿದೆಯೇ ಎಂದು ಹಸಿ ಕೀಮಾವನ್ನು ನಾಲಗೆಗೆ ಹಚ್ಚಿ ನೋಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಚಿಟಿಕೆಯಷ್ಟನ್ನು ಹುರಿದು ನೋಡಿ.

ಸುಮಾರು 100 ಗ್ರಾಮಿನ ಉಂಡೆ ಮಾಡಿ, ಬನ್ನಿಗಿಂತ ಸ್ವಲ್ಪ ಅಗಲವಾಗಿ, ಅರ್ಧ ಇಂಚು ದಪ್ಪಕ್ಕೆ ತಟ್ಟಿ. ಹೆಬ್ಬೆರಳಿನಿಂದ ನಡುವೆ ಚಿಕ್ಕ ಗುಳಿ ಒತ್ತಿ. ಬೇಯುವಾಗ ಅಂಚು ಕುಗ್ಗಿ ನಡು ಉಬ್ಬುತ್ತದೆ. ಗುಳಿ ಇದ್ದರೆ ಎಲ್ಲ ಕಡೆ ಸಮನಾಗಿ ಬೇಯುತ್ತದೆ. ದಪ್ಪ ಕಾವಲಿ ಚೆನ್ನಾಗಿ ಕಾಯಲಿ. ಮೊದಲು ಜೋರು ಉರಿಯಲ್ಲಿ ಬಣ್ಣ ಬರಿಸಿ, ಆಮೇಲೆ ಉರಿ ಮಧ್ಯಮಕ್ಕೆ ಇಳಿಸಿ ಒಂದೊಂದು ಬದಿ ನಾಲ್ಕೈದು ನಿಮಿಷ ಬಿಡಿ. ಸಟ್ಟುಗದಿಂದ ಒತ್ತಬೇಡಿ. ಚುಂಯ್ ಎಂದು ಹೊರಬರುವುದು ಬರ್ಗರಿನ ರಸವೇ.

ಬೆಂದದ್ದನ್ನು ತಿಳಿಯುವುದು ಹೇಗೆ? ಬಣ್ಣವನ್ನು ನಂಬುವಂತಿಲ್ಲ. ಕೆಲವು ಕೀಮಾ ಸಾಕಷ್ಟು ಬಿಸಿಯಾಗುವ ಮೊದಲೇ ಕಂದಾಗುತ್ತದೆ. ಆಹಾರದ ಥರ್ಮಾಮೀಟರ್ ದೊಡ್ಡ ಖರ್ಚಿನದ್ದಲ್ಲ. ಅದನ್ನು ಪ್ಯಾಟಿಯ ಬದಿಯಿಂದ ನಡುವಿನವರೆಗೆ ಚುಚ್ಚಿ. ಆಡು, ಕುರಿ, ಎಮ್ಮೆಯ ಕೀಮಾ 71 ಡಿಗ್ರಿ ಸೆಲ್ಸಿಯಸ್ ತಲುಪಬೇಕು, ಕೋಳಿಯದ್ದು 74. ಥರ್ಮಾಮೀಟರ್ ಇಲ್ಲದಿದ್ದರೆ ಪ್ಯಾಟಿಯನ್ನು ಇನ್ನೂ ತೆಳ್ಳಗೆ ತಟ್ಟಿ, ಅತಿ ದಪ್ಪದ್ದನ್ನು ನಡುವೆ ಸೀಳಿ ನೋಡಿ. ಸ್ವಲ್ಪ ಹಸಿ ಕಂಡರೂ ಎಲ್ಲವೂ ಮರಳಿ ಕಾವಲಿಗೆ ಹೋಗಲಿ. ವಿದೇಶಿ ವೀಡಿಯೊಗಳಲ್ಲಿ ಕಾಣುವ ಗುಲಾಬಿ ಬಣ್ಣದ ಬರ್ಗರ್ ನಮ್ಮ ಮಕ್ಕಳಿಗೆ ಬೇಡ. ಖುರ್‌ಆನ್ ಅಲ್ ಬಖರ ಅಧ್ಯಾಯದ 168ನೇ ಸೂಕ್ತದಲ್ಲಿ ಹಲಾಲ್ ಜೊತೆಗೆ ತಯ್ಯಿಬ್ ಎಂದೂ ಹೇಳಿದೆ. ಸರಿಯಾಗಿ ಝಬಹ್ ಮಾಡಿದ ಮಾಂಸವನ್ನು ಅರೆಬೇಯಿಸಿ ಬಡಿಸಿದರೆ ಆ ಎರಡನೆಯ ಮಾತನ್ನು ನಾವು ಮರೆತಂತೆ.

ರಮಝಾನಿನಲ್ಲಿ ಇನ್ನೊಂದು ಎಚ್ಚರ. ಅಸರ್‌ಗೆ ಮೊದಲೇ ಪ್ಯಾಟಿ ತಟ್ಟಿ ಮಗ್ರಿಬ್‌ವರೆಗೆ ಅಡುಗೆಕಟ್ಟೆಯ ಮೇಲೆ ಬಿಡಬೇಡಿ. ನಮ್ಮ ಸೆಕೆಯಲ್ಲಿ ಹಸಿ ಕೀಮಾ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ತಟ್ಟಿದ ಕೂಡಲೇ ಮುಚ್ಚಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ಕರಿಯುವ ಹೊತ್ತಿಗೆ ತೆಗೆಯಿರಿ.

ಬನ್ನನ್ನು ಅದೇ ಕಾವಲಿಯಲ್ಲಿ ಬೆಣ್ಣೆ ಹಚ್ಚಿ ಕೆಂಪಗೆ ಮಾಡಿ. ಹಸಿ ಮೊಟ್ಟೆಯ ಮಯೋನೀಸ್ ಬೇಡ. ನೆರೆಯ ಕೇರಳ 2023ರಲ್ಲಿ ಅದನ್ನು ನಿಷೇಧಿಸಿತು. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಬಸಿದು, ಬೆಳ್ಳುಳ್ಳಿ, ಲಿಂಬೆರಸ, ಉಪ್ಪು ಬೆರೆಸಿದರೆ ಮಕ್ಕಳು ವ್ಯತ್ಯಾಸ ಕೇಳುವುದಿಲ್ಲ.

ಬರ್ಗರ್ ಆಗಲಿ ಬೇರೆ ಏನೇ ಆಗಲಿ, ತಿಂದ ಕೆಲವು ದಿನಗಳಲ್ಲಿ ಮಗುವಿಗೆ ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಅಥವಾ ಮುಖ ಬಿಳಿಚಿಕೊಂಡರೆ ಮೆಡಿಕಲ್ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಡಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ, ಏನು ತಿಂದಿತ್ತು ಎಂಬುದನ್ನೂ ಹೇಳಿ.