ಟೋಲ್ ಉಳಿಯಿತು, ದಿನ ಹೋಯಿತು

ಸೋದರಿಯರೇ, ಪ್ರಯಾಣಕ್ಕೆ ಬುತ್ತಿ ಕಟ್ಟುವುದು ನಮ್ಮ ಕೆಲಸ, ದಾರಿ ಗೊತ್ತು ಮಾಡುವುದು ಯಜಮಾನರ ಕೆಲಸ ಎಂದು ನಾನೂ ಸುಮ್ಮನಿದ್ದವಳೇ. ಈಗ ಹಾಗಿಲ್ಲ!

ನಮ್ಮ ಅಥಣಿಯಿಂದ ಬೆಳಗಾವಿಗೆ ಗೋಕಾಕದ ಮೇಲೆ ಹೋಗಬಹುದು. ಇಲ್ಲವೆ ಚಿಕ್ಕೋಡಿ, ಸಂಕೇಶ್ವರದ ಮೇಲೆ ಹೋಗಿ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯಬಹುದು. ಹೆದ್ದಾರಿಯಲ್ಲಿ ಹತ್ತರಗಿಯ ಟೋಲ್ ನಾಕಾ ಉಂಟು.

ಒಮ್ಮೆ ಅತ್ತೆಯವರನ್ನು ದವಾಖಾನೆಗೆ ಕರೆದೊಯ್ಯಬೇಕಿತ್ತು. "ಟೋಲ್ ಸುಮ್ನ ಯಾಕ ಕೊಡೋದು?" ಎಂದು ಇವರು ಗೋಕಾಕದ ದಾರಿ ಹಿಡಿದರು. ಕಬ್ಬಿನ ಹಂಗಾಮು, ದಾರಿಯುದ್ದಕ್ಕೂ ಟ್ರ್ಯಾಕ್ಟರು. ಮುಟ್ಟುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ಮತ್ತೊಂದು ದಿನ, ಮತ್ತೆ ಪೆಟ್ರೋಲು. ಅತ್ತೆಯವರ ಸೊಂಟನೋವನ್ನು ಯಾವ ಲೆಕ್ಕಕ್ಕೆ ಹಿಡಿಯೋಣ ಹೇಳಿ?

ಮೊಬೈಲಿನ ನಕಾಶೆಯನ್ನೂ ಪೂರ್ತಿ ನಂಬಬೇಡಿ. ಅದರಲ್ಲಿ 'ಟೋಲ್ ಬೇಡ' ಎಂದು ಒಮ್ಮೆ ಗುರುತು ಹಾಕಿ ಮರೆತರೆ, ಟೋಲ್ ಇಲ್ಲದ ದಾರಿಯನ್ನೇ ಹುಡುಕುತ್ತದೆ. ಒಂದು ತಾಸು ಹೆಚ್ಚಾದರೂ ಸರಿಯೇ! ಟೋಲ್ ಒಂದು ಖರ್ಚು, ಅಡ್ಡಗೋಡೆಯಲ್ಲ. ಎರಡೂ ದಾರಿಗಳ ಟೋಲ್, ಪೆಟ್ರೋಲು, ಹೊತ್ತು ಮೂರನ್ನೂ ಕೂಡಿಸಿ ತೂಗಿ ನೋಡಬೇಕು.

ಕೂಡಿಸುವಾಗ ಒಂದು ಎಚ್ಚರ. ಹೆದ್ದಾರಿಯ ಟೋಲ್ ಒಂದು ಸಲಕ್ಕೆ 100 ರೂಪಾಯಿ ಎಂದಿಟ್ಟುಕೊಳ್ಳಿ. 24 ಗಂಟೆಯೊಳಗೆ ಮರಳಿದರೆ ಹೋಗಿಬರಲು 200 ಅಲ್ಲ, ಒಂದೂವರೆ ಪಟ್ಟು, ಅಂದರೆ 150. ಆದ್ದರಿಂದ ಹೋಗುವಾಗಲೇ ಬರುವುದನ್ನೂ ಸೇರಿಸಿ ಲೆಕ್ಕ ಹಾಕಿ. ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಇಲ್ಲದಿದ್ದರೆ ನಾಕಾದಲ್ಲಿ ಹೆಚ್ಚು ತೆರಬೇಕು.

ಸ್ವಂತ ಕಾರಿನವರಿಗೆ 2025ರ ಆಗಸ್ಟ್ 15ರಿಂದ ವರ್ಷದ ಪಾಸು ಬಂದಿದೆ. ಆರಂಭದ ದರ 3000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಮೇಲಿನ ಲೆಕ್ಕದಲ್ಲಿ 20 ಸಲ ಹೋಗಿಬಂದರೆ ಆ ಹಣ ಹುಟ್ಟುತ್ತದೆ. ಪಾಸಿದ್ದವರಿಗೆ ಆಮೇಲಿನ ಪ್ರತಿ ನಾಕಾಕ್ಕೂ ಬೇರೆ ಖರ್ಚಿಲ್ಲ. ಆದರೆ ಇದು ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ. ರಾಜ್ಯ ಹೆದ್ದಾರಿಯ ಟೋಲಿಗೆ ನಡೆಯದು. ವರ್ಷಕ್ಕೆ ಎರಡು ಸಲ ಹೋಗುವವರಿಗೆ ಪಾಸು ದಂಡ.

ಟೋಲ್ ದಾರಿಯೇ ಮೇಲು ಎಂದು ನಾನು ಹೇಳುತ್ತಿಲ್ಲ. ಅವಸರವಿಲ್ಲದ ದಿನ ಗೋಕಾಕದ ದಾರಿ ನಮಗೆ ಚೆನ್ನಾಗಿಯೇ ಇದೆ. ಆದರೆ ಟೋಲ್, ಪೆಟ್ರೋಲು ಚೀಟಿಯ ಮೇಲೆ ಕಾಣುತ್ತವೆ. ಹಿಂದಿನ ಸೀಟಿನಲ್ಲಿ ಕೂತವರ ನೋವು, ಮನೆಯಲ್ಲಿ ಕಾಯುವ ಮಕ್ಕಳ ಊಟ, ನಮ್ಮ ಹೊತ್ತು ಕಾಣುವುದಿಲ್ಲ. ಕಾಣದ್ದಕ್ಕೆ ಬೆಲೆಯಿಲ್ಲವೆಂದಲ್ಲ.

ಮುಂದಿನ ಸಲ ಬುತ್ತಿ ಕಟ್ಟುವಾಗ ಯಜಮಾನರನ್ನು ಕೇಳಿ: "ಯಾವ ದಾರೀಲೆ ಹೋಗೋಣ್ರಿ? ಲೆಕ್ಕ ಹಾಕೋಣು ಬರ್ರಿ."