ಒಂದು ಹಗಲಿನ ದಾರಿ, ಒಂದು ಇರುಳಿನ ಬಿಡಾರ

ಗೃಹಸ್ಥರ ಪ್ರವಾಸಕ್ಕೆ ಸ್ಥಳದರ್ಶನ, ಬಂಧುದರ್ಶನ ಎಂಬ ಎರಡು ಮುಖಗಳುಂಟು. ಹಿಂದೆ ಬನಶಂಕರಿಯ ಜಾತ್ರೆಗೆ ಬಂಡಿ ಹೂಡಿಕೊಂಡು ಹೊರಟ ಕುಟುಂಬಗಳು ದಾರಿಯಲ್ಲಿ ಬೀಗರ ಮನೆಯಲ್ಲಿ ಉಂಡು, ತೋಪಿನಲ್ಲಿ ಬಿಡಾರ ಮಾಡಿ ಮುಂದೆ ಸಾಗುತ್ತಿದ್ದವು. ಇಂದು ಕಾರು ಬಂದು ದಾರಿಯ ಹೊತ್ತು ಉಳಿದಿದೆ. ಉಳಿದ ಆ ಹೊತ್ತು ಯಾರ ಪಾಲಿಗೆ ಹೋಗುತ್ತಿದೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನೋಡಬೇಕಾದ ಸ್ಥಳಗಳ ಪಟ್ಟಿ ಬೆಳೆಯುತ್ತದೆ. ಬಂಧುಗಳಿಗೆ ಒಂದು ಕಪ್ಪು ಚಹಾದ ಹೊತ್ತು ಮಿಗುತ್ತದೆ.

2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗನೂ ಅವನ ಹೆಂಡತಿಯೂ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ದಿನದಲ್ಲಿ ನೋಡಿ, ಇರುಳು ಮಲಪ್ರಭೆಯ ದಂಡೆಯಲ್ಲಿ ಡೇರೆ ಹಾಕಬೇಕೆಂದು ಬಯಸಿ ನಮ್ಮನ್ನೂ ಜೊತೆಗೆ ಕರೆದರು. ನಮ್ಮ ಅಕ್ಕನವರ ಊರು ಅದೇ ಹೊಳೆಯ ದಂಡೆಯಲ್ಲಿದೆ. “ದೊಡ್ಡಪ್ಪಾರ, ಅತ್ತಿ ಮನ್ಯಾಗ ಚಹಾ ಕುಡದು ಮುಂದ ಹೋಗೂಣ್ರಿ” ಎಂಬುದು ಹುಡುಗನ ಲೆಕ್ಕಾಚಾರವಾಗಿತ್ತು.

ಬೆಳಗ್ಗೆ ಬಾದಾಮಿಯ ಮೂರನೆಯ ಗುಹೆಯನ್ನು ಕಂಡೆವು. ಕ್ರಿ.ಶ. 578ರಲ್ಲಿ ಅದನ್ನು ಮುಗಿಸಿದ ಮಂಗಲೇಶನು ಆ ಪುಣ್ಯವನ್ನು ತನ್ನ ಅಣ್ಣ ಕೀರ್ತಿವರ್ಮನಿಗೆ ಅರ್ಪಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಅದೇ ಮಂಗಲೇಶನು ಮುಂದೆ ಅಣ್ಣನ ಮಗನಾದ ಇಮ್ಮಡಿ ಪುಲಕೇಶಿಯೊಡನೆ ರಾಜ್ಯಕ್ಕಾಗಿ ಕಾದಿ ಅಳಿದನು. ಬಾಂಧವ್ಯವನ್ನು ಬಂಡೆಯಲ್ಲಿ ಕೊರೆಸಿದರೂ ಬಾಳಿನಲ್ಲಿ ಕಾಪಾಡದಿದ್ದರೆ ಅದು ನಿಲ್ಲದು ಎಂದು ನಾವು ಮಕ್ಕಳಿಗೆ ಹೇಳಿದೆವು.

ಅಲ್ಲಿಂದ ಸುಮಾರು 22 ಕಿಲೋಮೀಟರ್ ದೂರದ ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಮಗ್ಗುಲಿಗೇ, ಆಕೆಯ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯ ಮಲ್ಲಿಕಾರ್ಜುನ ದೇವಾಲಯವಿದೆ. ಅಕ್ಕತಂಗಿಯರ ಆ ಎರಡು ಗುಡಿಗಳನ್ನು ಬಹಳ ಹೊತ್ತು ನೋಡುತ್ತ ನಿಂತ ನಮ್ಮ ಸೊಸೆ, “ದೊಡ್ಡಪ್ಪಾರ, ಐಹೊಳಿ ಇನ್ನೊಮ್ಮೆ ನೋಡೂಣ್ರಿ. ಇವತ್ತು ಅತ್ತಿಯವರ ಮನಿಗೆ ಬೆಳಕಿರೂದರಾಗ ಹೋಗೂಣ” ಎಂದಳು. ಆ ಮಾತು ನಮಗೆ ಬಹಳ ಹಿಡಿಸಿತು.

ಅಕ್ಕನವರು ಒಬ್ಬರೇ ಇದ್ದಾರೆ. 2019ರ ಆಗಸ್ಟಿನ ಪ್ರವಾಹ ಪಟ್ಟದಕಲ್ಲಿನ ದೇವಾಲಯಗಳ ಆವರಣವನ್ನು ಹೊಕ್ಕಂತೆ ಅವರ ಪಡಸಾಲೆಯನ್ನೂ ಹೊಕ್ಕಿತ್ತು. ನೀರು ನಿಂತ ಗುರುತು ಗೋಡೆಯ ಮೇಲೆ ಈಗಲೂ ಇದೆ. ಡೇರೆಯ ಸುದ್ದಿ ಕೇಳಿ, “ಹೊಳಿ ದಂಡ್ಯಾಗ ಮಲಗಬ್ಯಾಡ್ರಪ್ಪಾ. ಮ್ಯಾಲೆ ಡ್ಯಾಂ ಬಿಟ್ಟರ ಇಲ್ಲಿ ಮಳಿ ಇಲ್ಲದನೂ ನೀರು ಏರತದ” ಎಂದರು. ನವಿಲುತೀರ್ಥದ ಅಣೆಕಟ್ಟೆಯ ಕೆಳಗಿನ ಊರುಗಳವರು ಪಟ್ಟು ಕಲಿತ ಪಾಠವಿದು. ಎತ್ತರದ ಹೊಲದಲ್ಲಿದ್ದ ಹಳೆಯ ಕಣವನ್ನು ಅವರೇ ತೋರಿಸಿದರು. ಜೋಳದ ಬೆಳೆಯ ನಡುವಿನ ಆ ಕಣದಲ್ಲಿ ಡೇರೆ ಎದ್ದಿತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಬುತ್ತಿಯೊಡನೆ ಅಕ್ಕನವರೂ ಬಂದು, ಕಂಬಳಿ ಹಾಸಿ ಕುಳಿತರು.

ಕಂದೀಲಿನ ಬೆಳಕಿನಲ್ಲಿ ಅವರು ಸುರಿದ ಚಹಾ ಕಪ್ಪಿನ ಹೊರಗೆ ಬಿತ್ತು. ಸೊಸೆ ಏನೂ ಆಡದೆ ಅವರ ಕೈಯನ್ನು ಹಿಡಿದುಕೊಂಡಳು. ಇರುಳು ಮಾತು ಬೆಳೆದಂತೆ, ಎರಡು ವರ್ಷದಿಂದ ಬಲಗಣ್ಣು ಮಬ್ಬಾಗಿರುವುದು, ಫೋನಿನಲ್ಲಿ ಹೇಳಿದರೆ ಮಗ ಊರು ಬಿಡಿಸಿಯಾನೆಂಬ ಅಂಜಿಕೆ, ಎಲ್ಲವೂ ಒಂದೊಂದಾಗಿ ಹೊರಬಂದವು. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯುಂಟು, ಅದಕ್ಕಾಗಿ ಊರು ಬಿಡಬೇಕಿಲ್ಲ ಎಂದು ಮಕ್ಕಳು ತಿಳಿಹೇಳಿದರು. ಮರುದಿನ ಅಕ್ಕನವರ ಮಗನೊಡನೆ ಮಾತನಾಡಿ, ತಿಂಗಳೊಳಗೆ ಚಿಕಿತ್ಸೆ ಮಾಡಿಸಿದರು. ಈಗ ಅಕ್ಕನವರು ಅಕ್ಕಿಯ ಕಲ್ಲನ್ನು ತಾವೇ ಆರಿಸುತ್ತಾರೆ, ತಮ್ಮ ಮನೆಯಲ್ಲಿಯೇ ಇದ್ದಾರೆ.

ಅರ್ಧ ಗಂಟೆಯ ಭೇಟಿಯಲ್ಲಿ ಹಿರಿಯರು ‘ಆರಾಮ ಇದ್ದೀನಿ’ ಎನ್ನುತ್ತಾರೆ. ಅದರ ಹಿಂದಿನ ಮಾತು ಹೊರಬರಲು ಒಂದು ಇರುಳು ಬೇಕು. ಆದ್ದರಿಂದ ಪ್ರವಾಸ ಹೊರಡುವ ದಂಪತಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಸ್ಮಾರಕಗಳನ್ನು ಬೆಳಗಿನಲ್ಲಿಯೇ ನೋಡಿರಿ. ಸಂಜೆಗೆ ಅವುಗಳ ಬಾಗಿಲು ಮುಚ್ಚುತ್ತದೆ. ನದಿಯ ಪಾತ್ರದಲ್ಲಿ ಡೇರೆ ಹಾಕದೆ, ಊರವರನ್ನು ಕೇಳಿ, ಹೊಲದ ಒಡೆಯರ ಒಪ್ಪಿಗೆ ಪಡೆದು ಎತ್ತರದ ನೆಲವನ್ನು ಆರಿಸಿರಿ. ಬರುವ ಸುದ್ದಿಯನ್ನು ಬಂಧುಗಳಿಗೆ ಮೊದಲೇ ತಿಳಿಸಿರಿ, ಅಡುಗೆಯ ಭಾರದಲ್ಲಿ ಪಾಲು ಹೊರಿರಿ. ಪಟ್ಟಿಯಲ್ಲಿ ಏನನ್ನಾದರೂ ಬಿಡಬೇಕಾಗಿ ಬಂದರೆ ಕಲ್ಲಿನ ಗುಡಿಯನ್ನು ಮುಂದಿನ ಸಲಕ್ಕೆ ಇಡಿರಿ. ಅದು ಸಾವಿರ ವರ್ಷಗಳಿಂದ ಕಾದಿದೆ, ಇನ್ನೂ ಕಾಯುತ್ತದೆ. ಹಿರಿಯರಿಗೆ ಅಷ್ಟು ಹೊತ್ತಿಲ್ಲ.