ಜಿಪ್ ಬಿಚ್ಚಬೇಕಾದವರು ಯಾರು?

ಶೃಂಗೇರಿ ಪಕ್ಕದ ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಆವರಣವಿದೆ. ಅಲ್ಲಿ ಪಾಠ ನಡೆಯುವಂಥ ವ್ಯಾಕರಣದ ಪುಸ್ತಕವನ್ನೋ ವೇದಾಂತದ ಪುಸ್ತಕವನ್ನೋ ಕಣ್ಣು ಕಾಣದವರು ಓದಬೇಕೆಂದರೆ ಕಾನೂನಿನ ತೊಡಕು ಈಗ ಇಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ ಅಂಥ ಪ್ರತಿಗಳನ್ನು ತಯಾರಿಸಲು ಅನುಮತಿ ಕೊಟ್ಟಿತು. ಇಂಥ ಪ್ರತಿಗಳಿಗೆ ದಾರಿ ಮಾಡಿಕೊಡುವ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದೇ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಕನ್ನಡ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತಿವೆ. ಇಷ್ಟು ದೂರ ಬಂದ ಪುಸ್ತಕ ಕೊನೆಯ ಮೆಟ್ಟಿಲಲ್ಲಿ ನಿಂತುಬಿಡುತ್ತದೆ. ಇಳಿಸಿಕೊಂಡ ಪುಸ್ತಕ ಕೈಗೆ ಸಿಗುವುದು ಬಹುಮಟ್ಟಿಗೆ ಜಿಪ್ ಕಡತವಾಗಿ. ಅದನ್ನು ಕಂಪ್ಯೂಟರಿನಲ್ಲಿ ಬಿಚ್ಚಿ, ಸರಿಯಾದ ಫೋಲ್ಡರಿಗೆ ಹಾಕಿ, ಮೆಮೊರಿ ಕಾರ್ಡಿಗೆ ನಕಲು ಮಾಡಿದ ಮೇಲಷ್ಟೇ ಎಷ್ಟೋ ಕೈಸಾಧನಗಳು ಓದತೊಡಗುತ್ತವೆ. ಬಿಚ್ಚುವಾಗ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಉಳಿದುಬಿಟ್ಟರೂ ಸಾಕು, ಪುಸ್ತಕವೇ ಇಲ್ಲ ಎಂದು ಸಾಧನ ಹೇಳಬಹುದು. ಈ ಕೆಲಸವನ್ನು ಓದುಗರ ತಲೆಗೆ ಕಟ್ಟುವುದು ತಪ್ಪು, ಅದು ಸಾಧನದ ಕೆಲಸ ಎಂಬುದು ನನ್ನ ವಾದ.

ಹಾಗಿದ್ದರೆ ಜಿಪ್ ಮಾಡದೆಯೇ ಕಳಿಸಬಾರದೇಕೆ ಎಂದು ಕೇಳಬಹುದು. ಕಣ್ಣು ಕಾಣದವರಿಗಾಗಿ ರೂಪಿಸಿದ ಡೈಸಿ ಮಾದರಿಯ ಧ್ವನಿಪುಸ್ತಕವೆಂದರೆ ಒಂದು ಕಡತವಲ್ಲ. ಅಧ್ಯಾಯಗಳ ಎಂಪಿ3 ಧ್ವನಿ, ಪರಿವಿಡಿ, ಯಾವ ಸಾಲು ಯಾವ ಕ್ಷಣದಲ್ಲಿ ಕೇಳಿಸಬೇಕು ಎಂದು ಹೇಳುವ ಸ್ಮಿಲ್ ಕಡತಗಳು, ಎಲ್ಲ ಸೇರಿ ನೂರನ್ನೂ ದಾಟಬಹುದು. ಒಂದು ತಪ್ಪಿದರೂ ಪುಟದಿಂದ ಪುಟಕ್ಕೆ ಜಿಗಿಯುವ ಅನುಕೂಲ ಕೆಡುತ್ತದೆ. ಎಂಪಿ3 ಮೊದಲೇ ಕುಗ್ಗಿಸಿದ್ದಾದ್ದರಿಂದ ಜಿಪ್ ಅದನ್ನು ಇನ್ನಷ್ಟು ಕುಗ್ಗಿಸಲಾರದು. ಇಲ್ಲಿ ಅದರ ಉಪಯೋಗ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವುದು. ಬರೀ ಅಕ್ಷರದ ಪುಸ್ತಕವಾದರೆ ಮಾತ್ರ ಕುಗ್ಗಿಸುವ ವಿದ್ಯೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೀರ್ತನೆಯ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಪೂರ್ತಿ ಅಚ್ಚು ಹಾಕಿ, ಚರಣದ ಕೊನೆಯಲ್ಲಿ ಅದರ ಮೊದಲ ಪದವನ್ನಷ್ಟೇ ಕೊಟ್ಟು ಬಿಡುತ್ತಾರಲ್ಲ, 1977ರಲ್ಲಿ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ ಪ್ರಕಟಿಸಿದ ವಿಧಾನವೂ ಹಾಗೆಯೇ: ಹಿಂದೆ ಬಂದ ಅಕ್ಷರಸಾಲು ಮತ್ತೆ ಬಂದರೆ ಅದನ್ನು ಬರೆಯದೆ, ಇಷ್ಟು ಹಿಂದೆ ಹೋಗಿ ಇಷ್ಟು ಉದ್ದ ಎತ್ತಿಕೋ ಎಂದು ಗುರುತು ಹಾಕುತ್ತದೆ. ಫಿಲ್ ಕಾಟ್ಜ್ 1989ರಲ್ಲಿ ಜಿಪ್ ರೂಪಿಸಿದರು. ಮುಂದೆ ಅದರಲ್ಲಿ ನೆಲೆನಿಂತ ಡಿಫ್ಲೇಟ್ ವಿಧಾನ ಈ ಉಪಾಯಕ್ಕೆ ಡೇವಿಡ್ ಹಫ್‌ಮನ್ 1952ರಲ್ಲಿ ಕೊಟ್ಟ ಸಂಕೇತಕ್ರಮವನ್ನು ಜೋಡಿಸಿತು. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ತಿನ್ನುತ್ತದೆ, ಅದರಲ್ಲಿ ಮೊದಲಿನದು ಯಾವಾಗಲೂ ಒಂದೇ. ಹೀಗೆ ಪುನರಾವರ್ತನೆ ಹೆಚ್ಚಿರುವುದರಿಂದ ಕನ್ನಡ ಪಠ್ಯ ಚೆನ್ನಾಗಿಯೇ ಕುಗ್ಗುತ್ತದೆ.

ಮಲೆನಾಡಿನಲ್ಲಿ ಜಿಪ್‌ನ ಇನ್ನೊಂದು ಮುಖ ಕಾಣುತ್ತದೆ. ಜಿಪ್ ಕಡತದ ಪರಿವಿಡಿ ಇರುವುದು ಅದರ ಕೊನೆಯಲ್ಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಕೊಪ್ಪದಲ್ಲೋ ನರಸಿಂಹರಾಜಪುರದಲ್ಲೋ ಇಳಿಕೆ ಮುಕ್ಕಾಲಿಗೆ ನಿಂತರೆ ಮೊದಲು ಕಾಣೆಯಾಗುವುದು ಆ ಪರಿವಿಡಿಯೇ. ಸೋಮಾರಿ ತಂತ್ರಾಂಶ ಆಗ ಕಡತ ಹಾಳಾಗಿದೆ ಎಂದು ಕೈ ತೊಳೆದುಕೊಳ್ಳುತ್ತದೆ. ಆದರೆ ಒಳಗಿನ ಪ್ರತಿ ಕಡತಕ್ಕೂ ತನ್ನದೇ ಶಿರೋಭಾಗವಿದೆ. ಅದು ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳಾದ ‘ಪಿಕೆ’ಯಿಂದ ಶುರುವಾಗುತ್ತದೆ. ಜೊತೆಗೆ ಸಿಆರ್‌ಸಿ-32 ಎಂಬ ತಾಳೆಸಂಖ್ಯೆಯೂ ಇದೆ. ಇವೆರಡನ್ನು ಹಿಡಿದು ಹೊರಟರೆ, ಪೂರ್ತಿ ಬಂದ ಅಧ್ಯಾಯಗಳನ್ನು ಎತ್ತಿಕೊಂಡು ಉಳಿದವು ಬಂದಿಲ್ಲ ಎಂದು ಕನ್ನಡದಲ್ಲೇ ಹೇಳುವುದು ಸಾಧನಕ್ಕೆ ಸಾಧ್ಯ. ಕಣ್ಣಿರುವವರು ಅರ್ಧಕ್ಕೆ ನಿಂತ ಇಳಿಕೆಯನ್ನು ಪರದೆಯ ಮೇಲೆ ನೋಡಿ ಗುರುತಿಸುತ್ತಾರೆ; ಕಿವಿಯಲ್ಲಿ ಓದುವವರಿಗೆ ಅದನ್ನು ಸಾಧನವೇ ಬಾಯಿಬಿಟ್ಟು ಹೇಳಬೇಕು.

ಹೆಸರಿನ ಕಥೆ ಇನ್ನೂ ಬೇಸರದ್ದು. ಜಿಪ್ ಹುಟ್ಟಿದಾಗ ಕಡತದ ಹೆಸರಿಗೆ ಬಳಸಿದ್ದು ಹಳೆಯ ಐಬಿಎಂ ಕಂಪ್ಯೂಟರಿನ 437ನೇ ಸಂಕೇತಪಟ್ಟಿ. ಅದರಲ್ಲಿ ಕನ್ನಡವಿಲ್ಲ. ಹೆಸರು ಯುಟಿಎಫ್-8ರಲ್ಲಿದೆ ಎಂದು ತಿಳಿಸುವ ಗುರುತು ಬಂದದ್ದು 2006ರಲ್ಲಿ, ಈಗಲೂ ಕೆಲವು ತಂತ್ರಾಂಶಗಳು ಅದನ್ನು ಹಾಕುವುದಿಲ್ಲ. ‘ಮೆಣಸೆ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಮ, ಎತ್ವ, ಣ, ಸ, ಮತ್ತೆ ಎತ್ವ: ಐದು ಸಂಕೇತ, ಹದಿನೈದು ಬೈಟ್. ಗುರುತಿಲ್ಲದಿದ್ದರೆ ಪ್ರತಿ ಮೂರರಲ್ಲಿ ಮೊದಲನೆಯದು ಗ್ರೀಕ್ ಅಕ್ಷರ ಆಲ್ಫಾ ಆಗುತ್ತದೆ, ಎರಡನೆಯದು ಮಸುಕು ಚೌಕವೋ ಉದ್ದಗೆರೆಯೋ ಆಗುತ್ತದೆ. ಧ್ವನಿ ತಂತ್ರಾಂಶ ಐದು ಸಲ ಆಲ್ಫಾ ಎಂದು, ನಡುವಿನ ಚಿಹ್ನೆಗಳನ್ನು ನುಂಗಿಬಿಡಬಹುದು. ಹತ್ತು ಕನ್ನಡ ಪುಸ್ತಕಗಳಿದ್ದರೆ ಹತ್ತೂ ಹೀಗೇ ಕೇಳಿಸುತ್ತವೆ, ಬೇಕಾದ್ದು ಯಾವುದೆಂದು ತಿಳಿಯುವ ಬಗೆಯೇ ಇಲ್ಲ. ಇದಕ್ಕೆ ಮದ್ದು ಕಷ್ಟದ್ದಲ್ಲ. ಯುಟಿಎಫ್-8ರ ಬೈಟುಗಳಿಗೆ ಬಿಗಿಯಾದ ಕಟ್ಟಳೆಯಿದೆ, ಗುರುತಿಲ್ಲದಿದ್ದರೂ ಆ ಕಟ್ಟಳೆಗೆ ಒಪ್ಪುವ ಹೆಸರನ್ನು ಯುಟಿಎಫ್-8 ಎಂದೇ ಓದಿದರೆ ತಪ್ಪುವುದು ಬಲು ಅಪರೂಪ.

ಸಣ್ಣ ಯಂತ್ರಕ್ಕೆ ಇಷ್ಟೆಲ್ಲ ಶಕ್ತಿ ಎಲ್ಲಿಂದ ಎಂಬ ಆಕ್ಷೇಪಕ್ಕೆ ಲೆಕ್ಕವೇ ಉತ್ತರ. ಡಿಫ್ಲೇಟ್ ಹಿಂದಕ್ಕೆ ನೋಡುವುದು 32 ಕಿಲೋಬೈಟ್ ಮಾತ್ರ. ಬಿಚ್ಚಲು ಐವತ್ತು ಕಿಲೋಬೈಟಿನೊಳಗಿನ ಕೆಲಸದ ನೆನಪು ಸಾಕು. ಜಾಗದ ಆಕ್ಷೇಪ ನಿಜ: ಬಿಚ್ಚುವ ಹೊತ್ತಿಗೆ ಕಾರ್ಡಿನಲ್ಲಿ ಜಿಪ್ಪೂ ಇರಬೇಕು, ಬಿಚ್ಚಿದ ಪುಸ್ತಕವೂ ಹಿಡಿಯಬೇಕು. ಮೊದಲೇ ಅಳೆದು, ಸಾಲದಿದ್ದರೆ ಹೇಳಬೇಕು. ಸುರಕ್ಷತೆಯ ಆಕ್ಷೇಪವೂ ಹಗುರವಲ್ಲ. ಸುಮಾರು 42 ಕಿಲೋಬೈಟಿನ ಒಂದು ಕುಖ್ಯಾತ ಜಿಪ್, ಪದರ ಪದರವಾಗಿ ಬಿಚ್ಚಿದರೆ ನಾಲ್ಕೂವರೆ ಪೆಟಾಬೈಟಿಗೆ ಹಿಗ್ಗುತ್ತದೆ. ಆದರೆ ಬಿಚ್ಚುತ್ತ ಎಣಿಸಿ, ಮಿತಿ ದಾಟಿದೊಡನೆ ನಿಲ್ಲಿಸಿ, ಜಿಪ್ಪಿನೊಳಗಿನ ಜಿಪ್ಪನ್ನು ಮುಟ್ಟದಿದ್ದರೆ ಆ ಅಪಾಯ ತಪ್ಪುತ್ತದೆ. ಇನ್ನು, ಮೊಬೈಲಿದೆಯಲ್ಲ ಎನ್ನುವವರಿದ್ದಾರೆ. ಮೊಬೈಲಿಗೆ ಒಗ್ಗಿದವರಿಗೆ ಅದು ನಿಜಕ್ಕೂ ಒಳ್ಳೆಯ ದಾರಿ. ಆದರೆ ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡವರಿಗೆ ಬೆರಳಿಗೆ ಸಿಗುವ ಗುಂಡಿಗಳು ಬೇಕು. ಕಿವಿಯೂ ಕೇಳದವರು ಓದುವುದು ಆರ್ಬಿಟ್ ರೀಡರ್ 20ರಂಥ ಸಾಧನದಲ್ಲಿ, ಇಪ್ಪತ್ತು ಬ್ರೈಲ್ ಕೋಶಗಳ ಒಂದೇ ಸಾಲಿನಲ್ಲಿ. ಅವರಿಗೆ ಮಾತಾಡುವ ಮೊಬೈಲ್ ಮಾತ್ರದಿಂದ ಏನೂ ಆಗದು.

ತಯಾರಕರು ಇದು ಹೊಸ ಸೌಲಭ್ಯ, ಖರ್ಚಿನದು ಎಂದರೆ ಅವರ ಮುಂದೆ ಇಡಬೇಕಾದ ಸಾಕ್ಷ್ಯ ಅವರದೇ ಯಂತ್ರಗಳಲ್ಲಿದೆ. ಇ-ಪಬ್ ಪುಸ್ತಕ ಮೂಲದಲ್ಲಿ ಜಿಪ್ ಕಡತವೇ. ಮೊದಲಿಗೆ ತಾನು ಯಾವ ಬಗೆಯೆಂದು ಹೇಳುವ ಪುಟ್ಟ ಕಡತವೊಂದು ಕುಗ್ಗಿಸದೆ ಕೂತಿರುತ್ತದೆ, ಅಷ್ಟೇ ವಿಶೇಷ. ವರ್ಡ್‌ನ ಡಾಕ್ಸ್ ಕಡತವೂ ಜಿಪ್ಪೇ. ಇವೆರಡರಲ್ಲಿ ಒಂದನ್ನು ನೇರವಾಗಿ ತೆರೆಯುವ ಯಾವ ಸಾಧನದಲ್ಲಾದರೂ ಬಿಚ್ಚುವ ಕೋಡ್ ಆಗಲೇ ಕೂತಿದೆ. ಅದನ್ನು ಡೈಸಿ ಪುಸ್ತಕಕ್ಕೂ ತೆರೆದಿಡಲು ಬೇಕಾದ್ದು ಫರ್ಮ್‌ವೇರಿನ ಒಂದು ಪರಿಷ್ಕರಣೆ.